ಕಪ್ಪು ಬಳಿದ ಸಾಲು

ಇದು ನಡೆದದ್ದು ನಡೆದ ಹಾಗೆಯೇ. ಅಲ್ಲಲ್ಲಿ ಕೊಂಚ ಬಣ್ಣ ಹಚ್ಚಿದಂತೆ ಕಂಡರೆ ನನ್ನನ್ನು ದೂರಬೇಡಿ, ಕಥಾನಾಯಕಿಯ ಕಸುಬೇ ಅದು.

ರಸ್ತೆಯ ಆ ಬದಿಗೆ ಅವಳ ಅಪ್ಪನ ಬೋರ್ಡ್ ಬರೆಯುವ ಅಂಗಡಿ, ಈ ಬದಿಗೆ ಅವನ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಅವಳು ಒಂದು ಅಕ್ಷರ ತಿದ್ದಿ ಮುಗಿಸುವಷ್ಟರಲ್ಲಿ ಅವನ ಮೆಷಿನ್ ಹತ್ತು ಬ್ಯಾನರ್ ಉಗುಳುತ್ತಿತ್ತು. ಹಾವು ಮುಂಗುಸಿಯಂತಿರಬೇಕಾದವರು. ಆದರೆ ಇಡೀ ದಿನ ಎದುರುಬದುರು ಕೂತರೆ ಕಣ್ಣು ಕೇಳಬೇಕಲ್ಲ.

ಅವನನ್ನು ಬೀದಿಯವರೆಲ್ಲ ರೇಡಿಯೋ ಎನ್ನುತ್ತಿದ್ದರು. ಯಾರ ದನಿ ಕೇಳಿದರೂ ಅರ್ಧ ಗಂಟೆಯಲ್ಲಿ ಅದು ಅವನ ಗಂಟಲಲ್ಲಿ ಸಂಸಾರ ಹೂಡುತ್ತಿತ್ತು. ಬ್ಯಾಂಕ್ ಮ್ಯಾನೇಜರ್, ಹಲ್ಲಿನ ಡಾಕ್ಟರ್, ಅವಳ ಅಪ್ಪನ ಕೆಮ್ಮು, ಎಲ್ಲ ಒಳಗಿದ್ದವು. ಸ್ವಂತ ದನಿಯಲ್ಲಿ ಹೇಳಬೇಕಾದ ಒಂದೇ ಒಂದು ಮಾತು ಮಾತ್ರ ಮೂರು ವರ್ಷದಿಂದ ಹೊರಗೆ ಬಂದಿರಲಿಲ್ಲ.

ಈಗ ಹೊತ್ತು ಮೀರುತ್ತಿತ್ತು. ದೊಡ್ಡ ನಗರದ ವಿಶ್ವವಿದ್ಯಾಲಯದಿಂದ ಅವಳಿಗೆ ಚಿತ್ರಕಲೆಯ ಪದವಿಗೆ ಕರೆ ಬಂದಿತ್ತು. ನಾಲ್ಕು ವರ್ಷ. ವಾರದ ಕೊನೆಯೊಳಗೆ ಒಬ್ಬರು ಪ್ರಾಧ್ಯಾಪಕರು ಫೋನ್ ಮಾಡುತ್ತಾರೆ. ಆಗ ಹೂಂ ಅಥವಾ ಉಹೂಂ ಹೇಳಿಬಿಡಬೇಕು.

ಅವಳು ಹೋಗಿ ನೋಡಿಕೊಂಡೂ ಬಂದಿದ್ದಳು. ಬಂದವಳೇ ಹಳೆಯ ರಟ್ಟೊಂದರ ಮೇಲೆ ಪಟ್ಟಿ ಬರೆದು ಅಂಗಡಿಯ ಗೋಡೆಗೆ ಆನಿಸಿದಳು. ಎಡಕ್ಕೆ 'ಹೋಗು': ದಿನವಿಡೀ ಒಂದೇ ಹದದ ಉತ್ತರದ ಬೆಳಕು ಬೀಳುವ ಸ್ಟುಡಿಯೋ, ಕಲ್ಲಚ್ಚಿನ ಯಂತ್ರ, ಬಣ್ಣ ಕಟ್ಟಿಕೊಂಡು ನೀರಿಳಿಯದ ಸಿಂಕ್, ಅಂದರೆ ಅಲ್ಲಿ ನಿಜವಾಗಿ ಕೆಲಸ ಮಾಡುತ್ತಾರೆ. ಬಲಕ್ಕೆ 'ಬೇಡ': ಒಂದು ಕ್ಲಾಸಿಗೆ ಅರವತ್ತು ಜನ, ಹಾಸ್ಟೆಲ್ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಅಪ್ಪನ ಏಣಿ ಹಿಡಿಯುವವರಿಲ್ಲ. ಅದರ ಕೆಳಗೆ ಇನ್ನೊಂದು ಸಾಲಿತ್ತು. ಅದರ ಮೇಲೆ ಅಗಲ ಬ್ರಷ್ಷಿನಿಂದ ದಪ್ಪಗೆ ಕಪ್ಪು ಬಳಿದಿತ್ತು.

"ಆ ಕಪ್ಪಿನ ಕೆಳಗೆ ಏನಿದೆ, ಪೇಂಟರಮ್ಮ?" ಎಂದ ರೇಡಿಯೋ.

"ನಿಂಗ್ಯಾಕೆ? ಅಕ್ಷರ ಕೆಟ್ಟಿತ್ತು, ಬಳಿದೆ."

"ನಿನ್ನ ಅಕ್ಷರ ಕೆಡೋದಾ? ನಂಬೋ ಹಾಗೆ ಹೇಳು."

ಅವಳು ಬ್ರಷ್ಷಿನ ಹಿಡಿಯಿಂದ ಕೆನ್ನೆ ತುರಿಸಿಕೊಂಡು ಅವನನ್ನೇ ನೋಡಿದಳು. ನೋಡಿದ್ದು ಜಾಸ್ತಿಯಾಯಿತೇನೋ ಎಂಬಂತೆ ಬಣ್ಣದ ಡಬ್ಬಿಯೊಳಗೆ ಕಣ್ಣಿಳಿಸಿದಳು.

ಆ ನೋಟ ರೇಡಿಯೋನ ನಿದ್ದೆ ಕೆಡಿಸಿತು. ಆ ಸಾಲು ತಾನೇ ಆಗಿರಲಿ ಎಂದು ಅರ್ಧ ಮನಸ್ಸು, ಆಗದಿರಲಿ ಎಂದು ಇನ್ನರ್ಧ. ತನಗಾಗಿ ಅವಳು ಉಳಿದುಬಿಟ್ಟರೆ ಬದುಕಿಡೀ ಆ ಉತ್ತರದ ಬೆಳಕಿಗೆ ತಾನು ಅಡ್ಡ ನಿಂತ ಹಾಗೆ.

ಕೇಳಿಯೇಬಿಡೋಣ ಎಂದು ಗುರುವಾರ ಮಧ್ಯಾಹ್ನ ಒಂದಕ್ಕೆ ಅವನು ಹಿಂದಿನ ಕೋಣೆ ಸೇರಿಕೊಂಡು, ಅವಳಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಮಾಡಿದ. ಗಂಟಲಿನಿಂದ ಅರವತ್ತು ವರ್ಷದ, ಕನ್ನಡಕ ಹಾಕಿದ ದನಿಯೊಂದು ಹೊರಟಿತು.

"ವಿಶ್ವವಿದ್ಯಾಲಯದ ಚಿತ್ರಕಲಾ ವಿಭಾಗದಿಂದ ಮಾತಾಡ್ತಿರೋದು. ಪುರುಸೊತ್ತಿದೆಯೇನಮ್ಮ?"

ಆ ಕಡೆ ಬ್ರಷ್ಷನ್ನು ಡಬ್ಬಿಗೆ ಹಾಕಿದ ಸದ್ದು. "ಹೇಳಿ ಸರ್."

"ನಿಮ್ಮ ಚಿತ್ರಗಳನ್ನ ನೋಡ್ದೆ. ಏಣಿ ಹತ್ತಿದ ಮುದುಕರದ್ದು ಬಹಳ ಚೆನ್ನಾಗಿದೆ. ಬರೋವಾಗ ಅದನ್ನ ತನ್ನಿ. ನಾಲ್ಕೂ ಮೂಲೆಗೆ ಐಲೆಟ್ ಹೊಡೆಸಿರ್ತೀರಲ್ಲ?"

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡ. ಹಗ್ಗ ಪೋಣಿಸುವ ಆ ಲೋಹದ ಬಳೆ ಬೇಕಾಗುವುದು ಬ್ಯಾನರಿಗೆ. ಕ್ಯಾನ್ವಾಸಿಗೆ ತೂತು ಹೊಡೆಸುವ ಚಿತ್ರಕಲಾ ಪ್ರಾಧ್ಯಾಪಕ ಇನ್ನೂ ಹುಟ್ಟಿಲ್ಲ. ದಿನಕ್ಕೆ ನಲವತ್ತು ಸಲ ಗಿರಾಕಿಗಳಿಗೆ ಕೇಳುವ ಪ್ರಶ್ನೆ ತಾನಾಗಿ ಜಾರಿತ್ತು.

"ಹೊಡೆಸ್ತೀನಿ ಸರ್," ಎಂದಳು ಅವಳು, ಏನೂ ಆಗದವಳಂತೆ. ಬದುಕಿದೆ ಎಂದುಕೊಂಡ.

"ಬರೋದಕ್ಕೆ ಏನಾದ್ರೂ ಅಡ್ಡಿ ಇದೆಯೇನಮ್ಮ?"

"ಒಂದಿದೆ ಸರ್. ಎದುರು ಅಂಗಡೀಲಿ ಕೂತಿದೆ."

ರೇಡಿಯೋನ ಎದೆ ಅವನ ಮೆಷಿನ್ನಿಗಿಂತ ಜೋರಾಗಿ ಓಡತೊಡಗಿತು. "ಯಾ... ಯಾರಮ್ಮ ಅದು?"

"ಒಬ್ಬ ತಲೆಹರಟೆ ಸರ್. ಊರವರ ದನಿಯೆಲ್ಲ ಬರುತ್ತೆ, ಅವನದೇ ಬರಲ್ಲ. ಅವನನ್ನ 'ಬೇಡ' ಅನ್ನೋದರ ಕೆಳಗೆ ಬರೆದು ನೋಡ್ದೆ. ಕಣ್ಣಿಗೆ ಚುಚ್ಚಿತು, ಕಪ್ಪು ಬಳಿದೆ. ಈಗ ಹೋಗ್ಲಾ, ಇರ್ಲಾ? ಹಿರಿಯರು, ನೀವೇ ಹೇಳಿ."

'ಇರಮ್ಮ' ಎಂದರೆ ಸಾಕಿತ್ತು. ನಾಳೆಯೂ ಎದುರಿಗೆ ಕೂತು ಅಕ್ಷರ ತಿದ್ದುತ್ತಿರುತ್ತಾಳೆ. ಆ ಮಾತು ತುಟಿಯವರೆಗೂ ಬಂತು. ರೇಡಿಯೋ ಕಣ್ಣು ಮುಚ್ಚಿಕೊಂಡ.

"ಬಾಮ್ಮ," ಎಂದ. "ಅವನಿಗೋಸ್ಕರ ಉಳೀಬೇಡ. ನಾಲ್ಕು ವರ್ಷ ತಾನೆ, ಕಾಯ್ತಾನೆ."

"ನಿಮಗೆ ಹೇಗೆ ಗೊತ್ತು ಸರ್?"

"ಮೂರು ವರ್ಷದಿಂದ ಕಾಯ್ತಾನೇ ಇದೀನಲ್ಲೇ."

ಬಂದದ್ದು ಪ್ರಾಧ್ಯಾಪಕರ ದನಿಯಲ್ಲ. ಕನ್ನಡಕ ಎಲ್ಲೋ ಕಳಚಿ ಬಿದ್ದಿತ್ತು. ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ಫೋನ್ ಹಿಡಿದುಕೊಂಡೇ ಅವಳು ನಿಂತಿದ್ದಳು. ಗಲ್ಲದ ಮೇಲೆ ಹಳದಿ ಬಣ್ಣದ್ದೊಂದು ಅಲ್ಪವಿರಾಮ, ಕಣ್ಣಲ್ಲಿ ನೀರು, ತುಟಿಯಲ್ಲಿ ತಡೆದುಕೊಂಡ ನಗು.

"ಕೊನೆಗೂ ಸರಿಯಾದ ಸ್ಟೇಷನ್ ಸಿಕ್ತು," ಎಂದಳು.

"ಯಾವಾಗ ಗೊತ್ತಾಯ್ತು? ಐಲೆಟ್ ಅಂದಾಗ್ಲಾ?"

"ಐಲೆಟ್ಟಿಗೆ ನೀನೇ ಅಂತ ಗೊತ್ತಾಯ್ತು. ಕಳ್ಳ ಅಂತ ಮೊದಲೇ ಗೊತ್ತಿತ್ತು. ನಿಜವಾದ ಪ್ರೊಫೆಸರ್ ಬೆಳಿಗ್ಗೆ ಹತ್ತಕ್ಕೇ ಮಾಡಿದ್ರು. ಹೆಂಗಸು ಕಣೋ."

"ಏನು ಹೇಳ್ದೆ ಅವರಿಗೆ?"

"ಬರ್ತೀನಿ ಅಂದೆ. ಸೀಟು ಖಾಯಂ."

"ಹಾಗಾದ್ರೆ ನಾನೀಗ ಎದೆ ಕಲ್ಲು ಮಾಡ್ಕೊಂಡು ಮಾಡಿದ ತ್ಯಾಗ?"

"ಮೂರು ಗಂಟೆ ಲೇಟು."

"ಇರು ಅಂದಿದ್ರೆ?"

"ಆಗ್ಲೂ ಹೋಗ್ತಿದ್ದೆ, ತಿರುಗಿ ನೋಡದೆ. ಈಗ ತಿರುಗಿ ತಿರುಗಿ ನೋಡ್ಕೊಂಡು ಹೋಗ್ತೀನಿ." ಅವಳು ಅವನ ಕಿರುಬೆರಳನ್ನು ತನ್ನ ಬೆರಳಿಗೆ ಕೊಕ್ಕೆ ಹಾಕಿಕೊಂಡಳು. ಅವಳ ಬೆರಳಿನ ಹಳದಿ ಅವನ ಕೈಗೂ ಹತ್ತಿತು.

ಬಾಗಿಲಾಚೆ ಯಾರೋ ಕೆಮ್ಮಿದರು. ಈ ಸಲ ಅಸಲಿ ಕೆಮ್ಮು, ಅವಳ ಅಪ್ಪ.

"ಸ್ಪೀಕರ್‌ಗೆ ಹಾಕಿದ್ಲಪ್ಪ, ಪ್ರೊಫೆಸರೇ. ಎಲ್ಲಾ ಕೇಳಿಸ್ಕೊಂಡೆ. ಎಲ್ಲಾದಕ್ಕೂ ನಂದು ಒಪ್ಪಿಗೆ. ಮುದುಕ ಅಂದ್ಯಲ್ಲ, ಅದೊಂದು ಬಿಟ್ಟು."

ಮೊದಲು ನಕ್ಕವಳು ಅವಳು. ಆಮೇಲೆ ಅಪ್ಪ. ಕೊನೆಗೆ ರೇಡಿಯೋ ಶುರುಮಾಡಿದ ನೋಡಿ, ಫ್ಲೆಕ್ಸ್ ಸುರುಳಿಗಳ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು, ಉಸಿರು ಸಿಕ್ಕದೆ, ಅವಳ ಬೆರಳನ್ನು ಮಾತ್ರ ಬಿಡದೆ. ಅವರಿಬ್ಬರ ನಗು ನಿಂತು ಎಷ್ಟೋ ಹೊತ್ತಾದ ಮೇಲೂ ಅವನದು ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು.