ಒಳಮನೆಯ ಕೂಗು

"ನನ್ನ ಮನೇಲಿ ನನ್ನನ್ನೇ ಕೂಡಿಹಾಕೋ ಧೈರ್ಯ ಯಾರಿಗೆ ಬಂತು?"

ಕಟ್ಸಿನಾ ರಸ್ತೆಯ ಠಾಣೆಗೆ ಕಾಲಿಡುತ್ತಲೇ ಅಲ್ಹಾಜಿ ಬರಾವು ಕೇಳಿದ. ಯಾರನ್ನೂ ಕೇಳಿದ್ದಲ್ಲ, ಗೋಡೆ ನೋಡುತ್ತಿದ್ದ. ರಾಜ್ಯ ಆಳುವ ಗವರ್ನರನನ್ನು ಜನರೇ ಆರಿಸುವ ಚುನಾವಣೆಯ ಶನಿವಾರ, ಸಂಜೆ. ಮತದಾನ ಮುಗಿದಿತ್ತು. ಆಳುವ ಪಕ್ಷದ ವಾರ್ಡ್ ಮುಖಂಡನಾದ ಆತ ದಿನವಿಡೀ ಮತಗಟ್ಟೆಯ ಮುಖ ಕಂಡಿರಲಿಲ್ಲ.

ಇನ್‌ಸ್ಪೆಕ್ಟರ್ ಸಾಂಬೊ ಎಫ್‌ಐಆರ್ ಬರೆಯತೊಡಗಿದ.

"ಎಲ್ಲಿದ್ರಿ?"

"ಒಳಮನೇಲಿ, ಹೆಂಗಸರ ಕಡೆ. ಬೆಳಿಗ್ಗೆ ಗಂಜಿ ಕುಡೀತಿದ್ದೆ, ಹೊರಗಿಂದ ಅಗುಳಿ ಬಿತ್ತು."

"ಫೋನು?"

"ಹೊರಕೋಣೇಲಿ ಚಾರ್ಜಿಗಿತ್ತು."

"ಕೂಗಲಿಲ್ವಾ?"

"ಗಂಟಲು ಹರಿಯೋ ಹಂಗೆ ಕೂಗಿದೆ. ಹಾಳಾದೋರು, ಒಬ್ಬನೂ ಬರಲಿಲ್ಲ!"

ಮಹಜರಿಗೆ ಅಲ್ಹಾಜಿಯ ಒಳಮನೆ ಹೊಕ್ಕವಳು ಕಾನ್‌ಸ್ಟೇಬಲ್ ಲರಾಬಾ. ಪರಗಂಡಸರು ಅಲ್ಲಿ ಕಾಲಿಡುವಂತಿಲ್ಲ. ಅವಳು ಹೇಳಿದ್ದನ್ನು ಸಾಂಬೊ ಹೊಸ್ತಿಲಾಚೆ ನಿಂತು ಬರೆದುಕೊಂಡ. ಎತ್ತರದ ಗೋಡೆ, ಒಂದೇ ಬಾಗಿಲು. ಹಿತ್ತಿಲ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದವನು ಅಲ್ಹಾಜಿಯೇ. ಉಳಿದ ಬಾಗಿಲಿಗೆ ಹೊರಗಡೆ ಅಗುಳಿ ಇಡಿಸಿದವನೂ ಆತನೇ.

"ಕೇಳಿಸ್ತು ಸಾಹೇಬ್ರೇ," ಎಂದ ಎದುರುಮನೆಯ ದರ್ಜಿ. "ಇನ್ನೊಬ್ಬರ ಹೆಂಗಸರ ಒಳಮನೆ ಅಗುಳಿ, ಅವರಿಲ್ಲದಿದ್ರೂ, ತೆಗೆಯೋಕಾಗುತ್ತಾ? ತೆಗೆದಿದ್ರೆ ಒಳಗಿಂದ ಬಂದು ಇವರೇ ನನ್ನ ಕೈ ಮುರೀತಿದ್ರು."

"ಹೆಂಗಸರು?"

"ಇಬ್ಬರು ಹೆಂಡಿರೂ ಬೆಳಿಗ್ಗೇನೇ ಮತಗಟ್ಟೆಗೆ ಹೋದ್ರು. ಹಿರಿಯಾಕೆ ತಲಾತು ಮುಂದೆ."

ಸಾಂಬೊ ಅಗುಳಿಯನ್ನೇ ನೋಡುತ್ತ ನಿಂತ. ಅದನ್ನು ತೆಗೆಯಲು ಹತ್ತಿರ ಬಾರದ ಪರಗಂಡಸು ಹಾಕಲೂ ಬರಲಾರ.

ತಲಾತುವನ್ನು ಹೊರಕೋಣೆಗೆ ಕರೆಸಿದರು. ಅಲ್ಹಾಜಿ ಅಲ್ಲೇ ಕೂತಿದ್ದ.

"ಅಕ್ಕಾ, ಅಗುಳಿ ಹಾಕಿದ್ದು ನೀವಾ?" ಲರಾಬಾ ಕೇಳಿದಳು.

"ಹೌದು. ಸಂಜೆ ತೆಗೆದಿದ್ದೂ ನಾನೇ."

"ಯಾಕೆ?"

"ಹೋದ ಚುನಾವಣೇಲಿ, ನಾವು ಎದುರುಪಕ್ಷಕ್ಕೆ ಹಾಕ್ತೀವಿ ಅಂತ ನಮ್ಮನ್ನ ಹಿಂಗೇ ಕೂಡಿಹಾಕಿ ಹೋಗಿದ್ರು. ನನ್ನ ಮಗಳು ಬಿಲ್ಕಿಸುಗೆ ಜ್ವರ ನೆತ್ತಿಗೇರಿತ್ತು. ನಾನೂ ಕೂಗಿದೆ. ಆಗಲೂ ಯಾರೂ ಬರಲಿಲ್ಲ. ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಮಗು ಉಸಿರು ನಿಂತು ತಣ್ಣಗಾಗಿತ್ತು." ಅವಳು ಗಂಡನತ್ತ ತಿರುಗಿದಳು. "ನಾನು ಇವರಿಗೆ ಗಂಜಿ, ನೀರು ಎಲ್ಲಾ ಇಟ್ಟೇ ಹೋಗಿದ್ದೆ. ಬದುಕೇ ಇದಾರಲ್ಲ?"

ಸಾಂಬೊ ಹಾಳೆ ಮಗುಚಿದ.

"ಮತ ಹಾಕಿದ್ರಾ?"

"ಸಾಲಲ್ಲಿ ನಾನೇ ಮೊದಲು."

ಆ ವಾರ್ಡಿನಲ್ಲಿ ಅಲ್ಹಾಜಿಯ ಪಕ್ಷ ಸೋತ ಸುದ್ದಿ ಅಷ್ಟರಲ್ಲಿ ಬಂದಿತ್ತು. ಬಂಧನದ ವಿಷಯ ತಿಳಿಸಿ ಲರಾಬಾ ಅವಳನ್ನು ಜೀಪಿನ ಬಳಿಗೆ ಕರೆತಂದಳು. ಬೀದಿಯಲ್ಲಿ ಜನ ಸೇರಿದ್ದರು. "ಗಂಜಿ ಹೆಂಗಿತ್ತು, ಅಲ್ಹಾಜಿ?" ಎಂದು ಯಾರೋ ಕೂಗಿದರು, ನಗು ಎದ್ದಿತು.

ಅಲ್ಹಾಜಿ ದನಿ ತಗ್ಗಿಸಿದ. "ತಲಾತು, ಅಗುಳಿ ಕೈತಪ್ಪಿ ಬಿತ್ತು ಅಂತ ಹೇಳ್ಬಿಡು. ದೂರು ವಾಪಸ್ ತಗೋತೀನಿ. ಮಗು ವಿಷಯ ಕೋರ್ಟಲ್ಲಿ ಎತ್ತಬೇಡ."

ಅವಳು ಮುಸುಕು ಬಿಗಿಮಾಡಿ ಜೀಪು ಹತ್ತಿದಳು.

"ಹೇಳಲ್ಲ," ಎಂದಳು. "ಬೇಕಂತಲೇ ಹಾಕಿದ್ದು. ಬಿಲ್ಕಿಸು ಹೆಸರನ್ನ ಕೋರ್ಟಲ್ಲೇ ಎತ್ತೋದು."