ವಾಪಸು ಹೋಗುವ ಮಗು

"ಬರಕೊಳ್ರಿ ಮೇಡಂ. ಈ ಮನ್ಯಾಗ ಮೀರಾಬಾಯಿ ಅಂತ ಒಬ್ಬಾಕಿ ಮುದುಕಿ ಇದ್ದಾಳ, ಆಕೀಗಿ ಈ ಹುಡುಗಿ ಬ್ಯಾಡ ಅಂತ ಬರಕೊಳ್ರಿ."

ಅತ್ತೆಯ ಮಾತು ಕೇಳಿ ಆಮ್ರಪಾಲಿ ಚಹಾದ ಕಪ್ಪನ್ನು ಸದ್ದಾಗುವಂತೆ ಕೆಳಗಿಟ್ಟಳು. ಮಕ್ಕಳ ರಕ್ಷಣಾ ಘಟಕದ ಅಧಿಕಾರಿ ರುಖ್ಸಾರ, ಚಿದ್ರಿ ಬಡಾವಣೆಯ ಆ ಪುಟ್ಟ ಮನೆಗೆ ಬಂದದ್ದು ಇದು ಎರಡನೆಯ ಸಲ. ಮೂರು ತಿಂಗಳಿಂದ ಆಮ್ರಪಾಲಿ ಕಾಗದಗಳ ಹಿಂದೆ ಅಲೆದಿದ್ದಳು. ವೈದ್ಯರ ಪತ್ರ ತಂದರೆ ಪೊಲೀಸರ ಪತ್ರ ಬೇಕು, ಅದನ್ನು ತಂದರೆ ಮನೆಯ ಫೋಟೊ ಬೇಕು, ಫೋಟೊ ಕೊಟ್ಟರೆ ಅದರಲ್ಲಿ ಮನೆಯವರೆಲ್ಲ ಇರಬೇಕು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ರತ್ನದೀಪನನ್ನು ಏನು ಕೇಳಿದರೂ "ನೋಡೋಣ" ಎನ್ನುತ್ತಿದ್ದ. ಅದೆಲ್ಲ ದಾಟಿ ಕೊನೆಗೊಂದು ದಡ ಕಂಡಿತು ಎನ್ನುವಾಗ ಅತ್ತೆ ಹೀಗೆ...

ಮಗುವಿನ ಹೆಸರು ಮಹಾಮಾಯಾ, ವಯಸ್ಸು ಒಂಬತ್ತು, ಊರು ಠಾಣಾ ಕುಶನೂರ. ಸದ್ಯ ಬಾಲಮಂದಿರದಲ್ಲಿದ್ದಳು, ಆಮ್ರಪಾಲಿ ಅಲ್ಲಿಗೆ ಹೋಗಿ ಮಾತಾಡಿಸಿದ್ದಳು. ತಂದೆ ಇಲ್ಲ. ತಾಯಿಗೆ ಮನಸ್ಸಿನ ಕಾಯಿಲೆ. ದೂರದ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿತ್ತು. ಆಕೆ ಗುಣವಾಗಲು ವರ್ಷ ಹಿಡಿಯಬಹುದು, ಎರಡು ವರ್ಷವೂ ಆಗಬಹುದು. ಅಲ್ಲಿಯವರೆಗೆ ಮಗುವನ್ನು ಮನೆಯಲ್ಲಿಟ್ಟು ಸಾಕಬೇಕು, ಆಮೇಲೆ ತಾಯಿಗೆ ಒಪ್ಪಿಸಬೇಕು. ಇದು ದತ್ತು ಅಲ್ಲ, ಪೋಷಕತ್ವ ಎಂದು ರುಖ್ಸಾರ ಬಿಡಿಸಿ ಹೇಳಿದ್ದಳು. ಮನೆಯ ಹಿರಿಯರೆಲ್ಲ ಒಪ್ಪಬೇಕು ಎಂದೂ ಹೇಳಿದ್ದಳು.

ಅಧಿಕಾರಿ ಹೊರಟ ಮೇಲೆ ಆಮ್ರಪಾಲಿಗೆ ತಡೆಯಲಾಗಲಿಲ್ಲ.

"ಅತ್ತೀ, ನಿಮಗ ಏನು ತ್ರಾಸ ಅದ, ಅದನ್ನರ ಹೇಳ್ರಿ. ಅಡಿಗಿ ನಾ ಮಾಡ್ತೇನಿ. ಸಾಲಿಗಿ ನಾ ಬಿಟ್ಟು ಬರ್ತೇನಿ. ನಿಮಗ ಒಂದು ಲೋಟ ನೀರು ಕೊಡು ಅಂತನೂ ಹೇಳಂಗಿಲ್ಲ. ಮತ್ತ್ಯಾಕ ಅಡ್ಡ ಬರ್ತೀರಿ?"

"ಸ್ವಪ್ನಿಲ ಹೋದಾಗ ನಿನಗೇನಾಗಿತ್ತು, ಮರ್ತಿ ಏನು?"

ಸ್ವಪ್ನಿಲ ಆಮ್ರಪಾಲಿಯ ಅಣ್ಣನ ಮಗ. ಅತ್ತಿಗೆ ತೀರಿಕೊಂಡಾಗ ಅಣ್ಣ ಮೂರು ವರ್ಷದ ಹುಡುಗನನ್ನು ತಂದು ಇವಳ ಮಡಿಲಿಗೆ ಹಾಕಿ ಹೋಗಿದ್ದ. ಮಕ್ಕಳಿಲ್ಲದ ಅವಳು ಐದು ವರ್ಷ ಅವನನ್ನು ತನ್ನವನೆಂದೇ ಬೆಳೆಸಿದಳು. ಅಣ್ಣ ಇನ್ನೊಂದು ಮದುವೆಯಾದ, ಒಂದು ದಿನ ಬಂದು ಮಗನನ್ನು ಭಾಲ್ಕಿಗೆ ಕರೆದೊಯ್ದ. ಆಮೇಲೆ ಆರು ತಿಂಗಳು ಆಮ್ರಪಾಲಿ ಹಾಸಿಗೆ ಬಿಟ್ಟು ಏಳಲಿಲ್ಲ.

"ಸಣ್ಣ ಕೂಸಿನಂಗ ನಿನ್ನ ತಲಿ ಬಾಚಿದೆ ನಾನು," ಮೀರಾಬಾಯಿಯ ದನಿ ಒರಟಾಗಿಯೇ ಇತ್ತು. "ಗೋಡಿ ಕಡಿ ಮಾರಿ ಮಾಡಿ ಮಲಗತಿದ್ದಿ. ಆಗ ನನ್ನ ಕೈಯಾಗ ಕಸುವಿತ್ತು. ಈಗ ಎಪ್ಪತ್ತಾತು. ಮತ್ತೊಮ್ಮಿ ನಿನ್ನ ಎಬ್ಬಸೂದು ನನ್ನ ಕೈಲಿ ಆಗಂಗಿಲ್ಲ."

ಇಷ್ಟು ವರ್ಷ ಅತ್ತೆಯ ಪ್ರತಿ ಮಾತಿನಲ್ಲೂ ಮುಳ್ಳನ್ನೇ ಹುಡುಕಿದ್ದ ಆಮ್ರಪಾಲಿಗೆ ಈ ಸಲ ಮುಳ್ಳು ಸಿಗಲಿಲ್ಲ. ಮುದುಕಿ ಹೇಳಿದ್ದು ಸುಳ್ಳಲ್ಲ. ತನ್ನ ಎದೆಯೊಳಗಿದ್ದ ಹೆದರಿಕೆಯೂ ಅದೇ ಆಗಿತ್ತು... ಬೇಡ, ಇದು ತನ್ನಿಂದಾಗದು ಎಂದು ಅಂದೇ ನಿಶ್ಚಯಿಸಿದಳು.

ಮರುದಿನ ಆಗುವುದಿಲ್ಲ ಎಂದು ಹೇಳಲೆಂದೇ ಬಾಲಮಂದಿರಕ್ಕೆ ಹೋದಳು. ರುಖ್ಸಾರ ಇನ್ನೂ ಬಂದಿರಲಿಲ್ಲ. ವರಾಂಡದ ಬೆಂಚಿನ ಮೇಲೆ ಮಹಾಮಾಯಾ ಕುಳಿತಿದ್ದಳು. ಇವಳನ್ನು ನೋಡಿ ಎದ್ದು ನಿಂತಳು.

"ನಮ್ಮವ್ವ ಆರಾಮ ಆದ ಮ್ಯಾಲ ನಾ ಹೋಗ್ತೇನ್ರಿ. ಮೊದ್ಲೇ ಹೇಳ್ತೇನಿ. ಆಮ್ಯಾಲ ಸಿಟ್ಟಾಗಬ್ಯಾಡ್ರಿ."

"ಹಿಂಗಂತ ಯಾರು ಹೇಳಿಕೊಟ್ರು ನಿನಗ?"

"ಯಾರೂ ಇಲ್ರಿ. ಹಿಂದ ಒಬ್ರು ಬಂದಿದ್ರು. ನಿಮ್ಮವ್ವನ್ನ ಮರ್ತು ಬಿಡ್ತಿ ಏನು ಅಂತ ಕೇಳಿದ್ರು. ಇಲ್ರಿ ಅಂದೆ. ಮತ್ತ ಅವರು ಬರಲಿಲ್ಲ."

ರುಖ್ಸಾರ ಬಂದಾಗ ಆಮ್ರಪಾಲಿ ಹೇಳಲು ಬಂದದ್ದನ್ನು ಹೇಳಲಿಲ್ಲ.

ಮನೆಗೆ ಬಂದವಳೇ ಅತ್ತೆಯ ಎದುರು ಕುಳಿತಳು. "ಆ ಹುಡುಗಿ ಹೋಗಾಕಿನೇ, ಅತ್ತೀ. ಹೋದ ದಿನ ನಾ ಅಳಾಕಿನೇ. ಮತ್ತ ಮಲಗಿದ್ರೂ ಮಲಗಬಹುದು, ಇಲ್ಲ ಅಂತ ಮಾತು ಕೊಡಂಗಿಲ್ಲ. ಆದ್ರ ನಾ ಅಳ್ತೇನಿ ಅಂತ ಆಕಿ ಅವರವ್ವ ಆರಾಮ ಆಗೂತನ ಬಾಲಮಂದಿರದ ಬೆಂಚಿನ ಮ್ಯಾಲ ಕೂಡಬೇಕೇನು?"

"ನೋಡೋಣ..." ಎಂದು ಬಾಯಿ ತೆರೆದ ರತ್ನದೀಪನನ್ನು ಅತ್ತೆ, ಸೊಸೆ ಇಬ್ಬರೂ ಒಟ್ಟಿಗೇ ಗದರಿಸಿದರು.

"ನಿನಗ ಹೇಳಿ ಉಪಯೋಗಿಲ್ಲ," ಎಂದು ಮೀರಾಬಾಯಿ ಸೊಸೆಗೆ ಹೇಳಿದಳು. "ನಾನೇ ಬಂದು ಆ ಹುಡುಗಿಗಿ ಹೇಳ್ತೇನಿ, ನಮ್ಮ ಮನಿ ನಿನಗ ಒಗ್ಗಂಗಿಲ್ಲ ಅಂತ."

ಹಾಗೆಯೇ ಮಗ, ಸೊಸೆಯ ಜೊತೆ ಬಾಲಮಂದಿರಕ್ಕೆ ಬಂದಳು. ಹುಡುಗಿಯನ್ನು ಮುಂದೆ ನಿಲ್ಲಿಸಿಕೊಂಡು ವಿಚಾರಣೆಗೆ ಇಳಿದಳು.

"ಸಂಜಿ ಟಿವಿ ನನ್ನದು. ನೀ ಕೇಳೂಹಂಗಿಲ್ಲ."

"ಆಗ್ಲಿರಿ."

"ನಾ ದಿನಾ ಬೈತೇನಿ. ಇವರಿಬ್ಬರಿಗೂ ಬೈತೇನಿ."

"ನಮ್ಮವ್ವನೂ ಬೈತಿದ್ಲುರಿ. ಆರಾಮ ಇದ್ದಾಗ."

ಮೀರಾಬಾಯಿ ಹುಡುಗಿಯ ಗಂಟುಗಟ್ಟಿದ ಜಡೆಯನ್ನು ಒಂದು ಗಳಿಗೆ ನೋಡಿದಳು. ಕೊನೆಗೆ ರುಖ್ಸಾರಳ ಕಡೆ ತಿರುಗಿ, "ಏನ್ ಮೇಡಂ, ಇಷ್ಟು ಮಂದಿ ಇದ್ದೀರಿ, ಒಂದು ಹುಡುಗಿ ತಲಿ ನೋಡಾಕ ಯಾರೂ ಇಲ್ಲೇನು?" ಎಂದು ರೇಗಿದಳು.

ಬೇಡ ಎಂಬ ಮಾತನ್ನು ಅವಳು ಆಮೇಲೆ ಎತ್ತಲಿಲ್ಲ. ಒಂದೂವರೆ ತಿಂಗಳ ಮೇಲೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬಂತು. ಕರೆದೊಯ್ಯುವ ದಿನ ಮೂವರೂ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕಿತ್ತು. ಮೀರಾಬಾಯಿ ಪೆನ್ನು ಹಿಡಿದವಳು ಬರೆಯದೆ ಕುಳಿತಳು.

"ಮೇಡಂ, ಇದರಾಗ ಒಂದು ಮಾತು ಬರೀರಿ. ಹುಡುಗಿ ವಾಪಸು ಹೋಗೂದು ನನಗ ಎರಡು ದಿನ ಮೊದ್ಲು ಹೇಳಬೇಕು. ಭಾಲ್ಕಿಯೊಳಗ ನನ್ನ ತಂಗಿ ಅಂಜನಾಬಾಯಿ ಇದ್ದಾಳ. ಆಕಿ ಮನಿಗಿ ಹೋಗಿಬಿಡ್ತೇನಿ. ಈಕಿ ಹೋಗೂದು ನಾ ನೋಡಂಗಿಲ್ಲ."

"ಅಂಥಾದ್ದು ಬರಿಯಾಕ ಇದರಾಗ ಜಾಗ ಇಲ್ರಿ, ಅಮ್ಮ."

"ಜಾಗ ಇಲ್ಲಂದ್ರ ಕೆಳಗ ಬರೀರಿ."

ರುಖ್ಸಾರ ಆಮ್ರಪಾಲಿಯ ಮುಖ ನೋಡಿದಳು. ಆಮ್ರಪಾಲಿಯ ಕಣ್ಣುಗಳು ತುಂಬಿದ್ದವು. ಅವಳು ಹೂಂ ಎಂದು ತಲೆಯಾಡಿಸಿದಳು. ರುಖ್ಸಾರ ಪತ್ರದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಳು. ಮೀರಾಬಾಯಿ ಅದನ್ನು ಎರಡು ಸಲ ಓದಿಸಿ ಕೇಳಿ ಸಹಿ ಹಾಕಿದಳು.

ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಹಾಮಾಯಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಜ್ಜಿ, ನೀವೆಲ್ಲಿ ಹೋಗ್ತೀರಿ?"

"ಎಲ್ಲೂ ಇಲ್ಲ," ಮೀರಾಬಾಯಿ ಸಿಡುಕಿದಳು. "ಚಪ್ಪಲಿ ಹಾಕ್ಕೋ. ಹೊರಗ ಆಟೊ ನಿಂತದ."