ತಿದ್ದದ ದನಿ

ಸೋಮವಾರ ಮಧ್ಯಾಹ್ನ ದೂರು ಕೊಡಲು ಬಂದ ಕೊಟ್ರೇಶನ ಕೈಯಲ್ಲಿ ಒಂದು ಜೊತೆ ಚಪ್ಪಲಿ ಇತ್ತು. ಅವನದಲ್ಲ, ಕಳ್ಳನದು.

ಪಿಎಸ್‌ಐ ವಿಜಯಲಕ್ಷ್ಮಿ ಹೇಳಿಕೆ ಬರೆಸಿಕೊಂಡಳು. ರಾಯಚೂರಿನ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಕೊಟ್ರೇಶ ಹಳ್ಳಿ ಹೆಂಗಸರ ಜೋಗುಳ ರೆಕಾರ್ಡ್ ಮಾಡಿ, ಶ್ರುತಿ ತಿದ್ದಿ, ಕೀಬೋರ್ಡ್ ಸೇರಿಸಿ ಯೂಟ್ಯೂಬಿಗೆ ಹಾಕುತ್ತಾನೆ. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಹಾರ್ಡ್ ಡಿಸ್ಕ್ ಮಾಯವಾಗಿತ್ತು. ಬೈಕಿನ ಸದ್ದು ಕೇಳಿ ಯಾರೋ ಹಿತ್ತಲ ಬಾಗಿಲಿಂದ ಓಡಿದ್ದರು. ಬಿಎನ್‌ಎಸ್ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು.

ಸ್ಥಳ ಪಂಚನಾಮೆಯಲ್ಲಿ ಅವಳಿಗೆ ಎರಡು ಸಂಗತಿ ಕಾಡಿದವು. ಲ್ಯಾಪ್‌ಟಾಪು, ದುಬಾರಿ ಮೈಕು ಇದ್ದಲ್ಲೇ ಇದ್ದವು. ಆ ಚಪ್ಪಲಿಗಳಂತೂ ಕೋಣೆಯ ಹೊಸ್ತಿಲಾಚೆ ಜೋಡಿಸಿ ಬಿಟ್ಟಂತೆ ಇದ್ದವೆಂದು ಕೊಟ್ರೇಶನೇ ಹೇಳಿದ್ದ.

ಹೆಡ್ ಕಾನ್‌ಸ್ಟೇಬಲ್ ಮಹಾಂತಯ್ಯ ವಿಭೂತಿ ಹಚ್ಚಿದ ಹಾರ್ಮೋನಿಯಂ ನೋಡಿ ನಕ್ಕ. "ಪೂಜಿ ಮಾಡೋ ಪೆಟ್ಟಿಗಿ ಇಟ್ಟ ಖೋಲಿ ಅಂತ ಕಾಲಾನ ಕೆರ ಬಿಟ್ಟು ಬಂದಾನ್ರಿ ಮೇಡಂ. ಕೈ ಮುಗದ ಕದ್ದಿರಬೇಕು."

ವಿಜಯಲಕ್ಷ್ಮಿಗೆ ನಗು ಬರಲಿಲ್ಲ. ಇದು ಕಸುಬಿನ ಕಳ್ಳನ ಕೆಲಸವಲ್ಲ.

"ಆ ಹಾರ್ಡ್ ಡಿಸ್ಕಿನ ಡಬ್ಬಿಯಾಗ ಏನದ ಅಂತ ಯಾರಿಗೆ ಹೇಳಿದ್ರಿ?" ಅವಳು ಕೊಟ್ರೇಶನನ್ನು ಕೇಳಿದಳು.

"ಹಾಡಾಕ ಬರವ್ರಿಗೆಲ್ಲ ಹೇಳ್ತೀನ್ರಿ, ನಿಮ್ಮ ದನಿ ಇದರಾಗ ಇರ್ತದ ಅಂತ."

"ಯಾರರ ಅದನ್ನ ಕೇಳಾಕ ಬಂದಿದ್ರೇನು?"

"ಇಲ್ರಿ." ಹಾಗೆನ್ನುವಾಗ ಅವನು ಅವಳ ಮುಖ ನೋಡಲಿಲ್ಲ.

ಚಪ್ಪಲಿಯ ಒಳಪಟ್ಟಿಯಲ್ಲಿ ದೇವದುರ್ಗದ ಚಪ್ಪಲಿ ಹೊಲಿಯುವವನೊಬ್ಬನ ಮುದ್ರೆ ಇತ್ತು. ಮರುದಿನ ಜೀಪು ಅಲ್ಲಿಗೆ ಹೋಯಿತು. ಅಂಗಡಿಯ ದುರುಗಪ್ಪ ಚಪ್ಪಲಿ ತಿರುಗಿಸಿ ನೋಡಿ, ಇದು ಕುರಿ ಕಾಯುವ ಕನಕರಾಯನದೆಂದ. ಮನೆಗೆ ಬೀಗ ಬಿದ್ದಿದೆ, ಅತ್ತೆಯ ಊರು ಕುರ್ಡಿಗೆ ಹೋಗಿರಬೇಕು ಎಂದ. ಆಮೇಲೆ, ಕೇಳದೆಯೇ, ಸಣ್ಣ ದನಿಯಲ್ಲಿ ಹೇಳಿದ: "ಕದಿಯೋ ಮನಷ್ಯಾ ಅಲ್ರಿ ಅವ. ಹೆಂಡ್ತಿ ರಾಧಾ ಜ್ವರ ಬಂದು ತೀರಿಕೊಂಡ್ಲು. ಕೂಸು ಅಜ್ಜಿ ಕಡಿ ಅದ. ಏನೂ ತಿನವಲ್ದಂತ."

ಕುರ್ಡಿಗೆ ಹೋಗುವ ಮಾನ್ವಿಯ ದಾರಿಯಲ್ಲಿ ವಿಜಯಲಕ್ಷ್ಮಿ ಫೋನಿನಲ್ಲಿ ಕೊಟ್ರೇಶನ ಚಾನೆಲ್ ತೆರೆದಳು. ಹಾಡಿದವರ ಹೆಸರುಗಳಲ್ಲಿ ರಾಧಾಳದೂ ಇತ್ತು, ಅವಳ ಜೋಗುಳ ಹಚ್ಚಿದಳು. ಎಲ್ಲಿಯೂ ಅಳುಕದ ದನಿ, ಇಸ್ತ್ರಿ ಮಾಡಿದಂತೆ ನುಣುಪು. ಉಸಿರೆಳೆದದ್ದೂ ಕೇಳುತ್ತಿರಲಿಲ್ಲ. ಅವಳು ಕೊಟ್ರೇಶನಿಗೆ ಫೋನ್ ಹಚ್ಚಿದಳು.

ಈ ಸಲ ಅವನು ಒಪ್ಪಿಕೊಂಡ. ಕನಕರಾಯ ಬಂದಿದ್ದ. ತಿದ್ದಿದ್ದು ಬೇಡ, ಮೊದಲು ಹಾಡಿದ್ದು ಕೊಡ್ರಿ ಎಂದು ಕಾಲು ಹಿಡಿದಿದ್ದ. ಅಳಿಸಿಬಿಟ್ಟಿದ್ದೇನೆಂದು ಕೊಟ್ರೇಶ ಸುಳ್ಳು ಹೇಳಿ ಕಳಿಸಿದ್ದ.

"ಯಾಕ?"

"ಬೇಸುರ ಇತ್ರಿ. ಅದು ಹೊರಗ ಹೋದ್ರ ನನ್ನ ಹೆಸರು ಕೆಡ್ತದ."

ಕುರ್ಡಿಯಲ್ಲಿ ಅತ್ತೆ ಬಂಡೆಮ್ಮನ ಮನೆಯ ಕಟ್ಟೆಯ ಮೇಲೆ ಕನಕರಾಯ ಬರಿಗಾಲಲ್ಲಿ ಕೂತಿದ್ದ. ಪಕ್ಕದಲ್ಲೇ ಹಾರ್ಡ್ ಡಿಸ್ಕು. ಅತ್ತೆಯ ತೊಡೆಯ ಮೇಲೆ ಎರಡು ವರ್ಷದ ಕೂಸು, ಪಕ್ಕೆಲುಬು ಎಣಿಸುವಂತಿತ್ತು. ಖಾಕಿ ಕಂಡು ಅವನು ಓಡಲಿಲ್ಲ. ತುಟಿಗೆ ಬೆರಳಿಟ್ಟ.

"ಈಗ ಕಣ್ಣು ಮುಚ್ಚಾಕತ್ತದ್ರಿ."

ಫೋನಿನಲ್ಲಿ ರಾಧಾ ಹಾಡುತ್ತಿದ್ದಳು. ಮೇಲಿನ ಸ್ವರಕ್ಕೆ ಹೋದವಳ ದನಿ ಅಲ್ಲೇ ಜಾರಿತು. ಚೂರು ಕೆಮ್ಮಿ, ನಕ್ಕು, ಮತ್ತೆ ಹಿಡಿದಳು. ಸರಿಯಾಗಿ ಅಲ್ಲಿ ಕೂಸು ಮುಷ್ಟಿ ಸಡಿಲಿಸಿತು.

ಯೂಟ್ಯೂಬಿನ ಹಾಡು ಹಚ್ಚಿದರೆ ಫೋನನ್ನೇ ದೂಡುತ್ತಿತ್ತು ಎಂದಳು ಬಂಡೆಮ್ಮ. ಇದನ್ನು ಕೇಳಿದ ಮೇಲೆ ಮುಂಜಾನೆ ನಾಲ್ಕು ತುತ್ತು ಗಂಜಿ ಉಂಡಿತ್ತು.

"ಅಳಿಸ್ಯಾರಂತ ಹೇಳಿದ್ರಲ್ಲ, ಮತ್ತ್ಯಾಕ ಕದ್ದಿ?" ವಿಜಯಲಕ್ಷ್ಮಿ ಕೇಳಿದಳು.

"ಎಲ್ಲ್ಯರ ಮೂಲ್ಯಾಗ ಒಂದೀಟು ಉಳದಿರ್ತದ ಅನಕೊಂಡೆ ಯವ್ವಾ. ಮಾನ್ವಿ ಮೊಬೈಲ್ ಅಂಗಡಿ ಶಂಶುದ್ದೀನ್ ಹುಡುಕಿ, ಫೋನಿಗೆ ಹಾಕಿಕೊಟ್ಟ. ಡಬ್ಬಿ ನಾಳಿ ವಾಪಸ್ ಇಟ್ಟು ಬರಾವಿದ್ದೆ. ಕೆರನೂ ಅಲ್ಲೇ ಅದಾವಲ್ಲ."

ಜಪ್ತಿ ಪಂಚನಾಮೆ ಶುರುವಾಯಿತು. ಡಿಸ್ಕು ಒಂದನೇ ಮುದ್ದೆಮಾಲು. ಕದ್ದ ಫೈಲು ಇರುವ ಫೋನು ಎರಡನೆಯದು.

"ಫೋನೂ ಒಯ್ತೀರೇನವ್ವಾ?" ಬಂಡೆಮ್ಮ ಕೇಳಿದಳು. "ಎದ್ದ ಮ್ಯಾಲ ಅದು ಅವ್ವನ್ನ ಕೇಳ್ತದ. ಏನ ಮಾಡ್ಲಿ?"

ಕೋರ್ಟಿನ ಅಪ್ಪಣೆಯಿಲ್ಲದೆ ಜಪ್ತಿ ಮಾಲಿನ ಪ್ರತಿ ತೆಗೆಯುವಂತಿರಲಿಲ್ಲ. ವಿಜಯಲಕ್ಷ್ಮಿ ಪೆನ್ನು ಕೆಳಗಿಟ್ಟಳು. ಕೊಟ್ರೇಶನಿಗೆ ಮತ್ತೆ ಫೋನ್ ಮಾಡಿದಳು. ಮೂಲ ಧ್ವನಿಯ ಪ್ರತಿ ಲ್ಯಾಪ್‌ಟಾಪಿನಲ್ಲಿ ಇದೆಯೇ? ಇಲ್ಲ, ಡಿಸ್ಕಿನಲ್ಲಿ ಮಾತ್ರ. ಡಿಸ್ಕು ಕೋರ್ಟಿನಿಂದ ಬಿಡುಗಡೆಯಾದ ಮೇಲೆ ಪ್ರತಿ ಕಳಿಸುತ್ತೀರಾ?

"ಕಳಸ್ತೀನ್ರಿ. ಒಂದೀಟು ಸರಿ ಮಾಡಿ ಕಳಸಲೇನು?"

ಅವಳು ಫೋನ್ ಇಟ್ಟಳು. ಮಹಾಂತಯ್ಯ ಜಪ್ತಿ ಪೊಟ್ಟಣಕ್ಕೆ ಮುದ್ರೆಯೊತ್ತುವ ಅರಗು ಕಾಯಿಸಲು ಕಡ್ಡಿ ಗೀರಿದ್ದ.

"ಸಾವಕಾಶ ಕಾಯಸ್ರಿ," ಎಂದಳು. ಕನಕರಾಯನ ಕಡೆ ತಿರುಗಿ, "ಅಲ್ಲೀತನ ಹಾಡು ಹಚ್ಚು."

ಅವನು ಹಚ್ಚಿದ. ಬಂಡೆಮ್ಮ ಫೋನಿಗೆ ಕಿವಿಯಿಟ್ಟು ತುಟಿ ಅಲುಗಿಸತೊಡಗಿದಳು. ಮಗಳ ದನಿ ಜಾರುವ ಜಾಗದಲ್ಲಿ ತಾನೂ ಜಾರಲು ನೋಡಿದಳು, ಆಗಲಿಲ್ಲ. ಮತ್ತೆ ಹಚ್ಚಿಸಿದಳು. ಮತ್ತೆಯೂ ಆಗಲಿಲ್ಲ.

ಸಂಜೆ 4.40ಕ್ಕೆ ಅರಗಿನ ಮೇಲೆ ಮುದ್ರೆ ಬಿತ್ತು. ಬಂಧನದ ಕಾರಣ ತಿಳಿಸಿ ಕನಕರಾಯನ ಹೆಬ್ಬೆಟ್ಟು ಪಡೆದರು. ಕೃತ್ಯದ ಉದ್ದೇಶದ ಮುಂದೆ ವಿಜಯಲಕ್ಷ್ಮಿ ಬರೆದಳು: ಮೃತ ಪತ್ನಿಯ ದನಿ ಮಗುವಿಗೆ ಗುರುತು ಸಿಗಲೆಂದು.

ಜೀಪು ಓಣಿ ತಿರುಗುವಾಗ ಹಿಂದೆ ಕೂಸು ಎದ್ದು ಅತ್ತ ಸದ್ದು ಕೇಳಿತು. ಅದರ ಹಿಂದೆಯೇ ಬಂಡೆಮ್ಮನ ಹಾಡು, ಎಲ್ಲಿಯೂ ಜಾರದೆ. ಅಳು ನಿಲ್ಲಲಿಲ್ಲ.